ಒಂದು ಕುಳಿಗೂ ಕೂಗು

ಆರನೆಯ ಜರಡಿಯನ್ನು ಹುಲಿಗೆವ್ವ ಸೀಗೆಕಾಯಿ ನೀರಿನಲ್ಲಿ ಅದ್ದಿ, ಹೆಬ್ಬೆರಳಿನಿಂದ ಮೂಲೆಮೂಲೆ ತಿಕ್ಕುತ್ತಿದ್ದಾಗ ಒಳಗಿನಿಂದ ಗಂಡನ ಎದೆಯ ಪಟ್ಟಿ ಕೂಗಿಕೊಂಡಿತು. ಬೋಗುಣಿಯ ನೀರು ಆಗಲೇ ಕೆಂಪಾಗಿತ್ತು. ಕಲ್ಲಿನ ಕ್ವಾರಿ ಮುಚ್ಚಿ ಹದಿನಾಲ್ಕು ವರ್ಷವಾದರೂ ಹಾಸಗಲ್ಲು ಊರಿನ ಗಾಳಿಯಲ್ಲಿ ಕೆಂಪು ಪುಡಿ ತೀರಿರಲಿಲ್ಲ. ವಾರಕ್ಕೊಮ್ಮೆ ತೊಳೆಯದಿದ್ದರೆ ಗಂಡನ ಬೆನ್ನಿಗೆ ಕಟ್ಟಿದ ಆಮ್ಲಜನಕದ ಯಂತ್ರ ಮೂಗು ಕಟ್ಟಿದ ಕೂಸಿನ ಹಾಗೆ ಗೊರಗುಟ್ಟುತ್ತಿತ್ತು.

"ಏನಂತ ಅದು?" ಕೈ ನೀರಿನಲ್ಲಿಟ್ಟುಕೊಂಡೇ ಕೇಳಿದಳು.

"ಏನೂ ಇಲ್ಲ. ನಂದೊಂದು ಉಸುರು ಕಳದೈತಂತ," ಭರಮಪ್ಪ ಒಳಗಿನಿಂದ ಹೇಳಿದ. "ಇಲ್ಲೇ ಎಲ್ಲೋ ಬಿದ್ದಿರಬೇಕು. ಕಸಬರಗಿ ತಗೊಂಡು ಒಂದೀಟು ಗುಡಿಸಿ ನೋಡು."

ಅವಳು ನಗಲಿಲ್ಲ. ಎರಡನೆಯ ಕೂಗು ಬರುತ್ತದೆಯೋ ಎಂದು ಕಿವಿಗೊಟ್ಟು ಕೂತಳು. ಒಂದು ಕಳೆದರೆ ಚಿಂತೆಯಿಲ್ಲ. ಸಾಲಾಗಿ ನಾಲ್ಕು ಕಳೆದರೆ ಮಾತ್ರ ಯಂತ್ರ ತನ್ನ ಬುದ್ಧಿ ಬಿಟ್ಟು ಒಂದೇ ಸಮ ಗಾಳಿ ಊದತೊಡಗುತ್ತದೆ. ಕಲ್ಲುಪುಡಿ ತಿಂದ ಎದೆಗೆ ಹೆಚ್ಚು ಗಾಳಿಯೂ ಕಡಿಮೆ ಗಾಳಿಯಷ್ಟೇ ಕೆಟ್ಟದ್ದು. ಯುಗಾದಿಯ ಹಿಂದಿನ ದಿನ ಪಡುವಣ ಓಣಿಯ ದ್ಯಾಮಣ್ಣನಿಗೆ ಹಾಗಾಗಿ, ಎಚ್ಚರ ತಪ್ಪಿ, ಸಾವಿನ ಹೊಸ್ತಿಲು ಮುಟ್ಟಿ ತಿರುಗಿ ಬಂದಿದ್ದ.

ಎರಡನೆಯ ಕೂಗು ಬರಲಿಲ್ಲ. ಹುಲಿಗೆವ್ವ ಜರಡಿಯನ್ನು ಬಿಸಿಲಿಗೆ ಒರಗಿಸಿಟ್ಟಳು.

ಹಾಸಗಲ್ಲಿನಲ್ಲಿ ಇಂಥ ಉಸಿರುಪಟ್ಟಿ ಕಟ್ಟಿಕೊಂಡವರು ನಲವತ್ತೊಂದು ಮಂದಿ. ಎಲ್ಲರೂ ಒಂದು ಕಾಲದಲ್ಲಿ ಗುಡ್ಡ ಒಡೆದವರು. ಪಟ್ಟಿ ಅವರ ಎದೆಯ ಸದ್ದನ್ನು ಕೇಳುತ್ತದೆ. ಪ್ರತಿ ಉಸಿರಿನ ಸದ್ದನ್ನೂ ಒಂದೊಂದು ಗಂಟು ಕಟ್ಟಿ, ತಂತಿಯ ಹಂಗಿಲ್ಲದೆ, ಗುಡ್ಡದ ನೆತ್ತಿಯ ಮೇಲಿನ ಪೆಟ್ಟಿಗೆಗೆ ಕಳಿಸುತ್ತದೆ. ಮುಂದಿನ ಉಸಿರಿಗೆ ಎಷ್ಟು ಗಾಳಿ ಬೇಕೆಂದು ಪೆಟ್ಟಿಗೆ ಲೆಕ್ಕ ಹಾಕಿ ಮರಳಿ ಹೇಳುತ್ತದೆ. ಹೋಗಿ ಬರುವುದೆಲ್ಲ ಕಣ್ಣು ಮಿಟುಕಿಸುವುದರೊಳಗೆ. ಈ ಪಟ್ಟಿ ಬರುವ ಮುಂಚೆ ಇಂಥ ಎದೆಯವರು ಆಸ್ಪತ್ರೆಯ ಮಂಚಕ್ಕೆ ನಳಿಕೆಯಿಂದ ಕಟ್ಟಿಸಿಕೊಂಡು ಸೂರು ನೋಡುತ್ತ ದಿನ ನೂಕುತ್ತಿದ್ದರು. ಈಗ ಅವರು ಕಟ್ಟೆಯ ಮೇಲೆ ಕೂತು ಚೌಕಾಬಾರ ಆಡುತ್ತಿದ್ದರು, ಆಟದಲ್ಲಿ ಮೋಸ ಮಾಡುತ್ತಿದ್ದರು, ಮೋಸ ಹಿಡಿದವರ ಜೊತೆ ಜಗಳವನ್ನೂ ಆಡುತ್ತಿದ್ದರು. ಜಗಳಕ್ಕೆ ಉಸಿರು ಬೇಕು. ಅದು ಇತ್ತು.

ಆದರೆ ಎರಡು ವರ್ಷದಿಂದ ಉಸಿರಿನ ಗಂಟುಗಳು ಪೆಟ್ಟಿಗೆ ಮುಟ್ಟದೆ ದಾರಿಯಲ್ಲೇ ಕಳೆಯತೊಡಗಿದ್ದವು. ನೂರಕ್ಕೆ ಒಂಬತ್ತು. ಪಟ್ಟಿಗಳ ಉಸ್ತುವಾರಿಯ ಜಿಲ್ಲಾ ಶ್ವಾಸ ನಿಗಮದಿಂದ ನಾಲ್ಕು ತಿಂಗಳ ಹಿಂದೆ ಮೊದಲ ನೋಟೀಸು ಬಂದಿತ್ತು: ಸತತ ಮೂರು ದಿನ ನೂರು ಉಸಿರಿಗೆ ಒಂದಕ್ಕಿಂತ ಕಡಿಮೆ ಕಳೆಯಬೇಕು, ಇಲ್ಲವಾದರೆ ನಲವತ್ತೊಂದು ಮಂದಿಯನ್ನೂ ಜಿಲ್ಲೆಯ ಶ್ವಾಸಧಾಮದ ತಂತಿ ಮಂಚಗಳಿಗೆ ಸಾಗಿಸಲಾಗುವುದು. ಮನೆಯವರು ತಿಂಗಳ ಮೊದಲ ಭಾನುವಾರ ಬಂದು ನೋಡಬಹುದು.

ನೋಟೀಸು ಬಂದ ದಿನವೇ ಹುಲಿಗೆವ್ವ ಉತ್ತರ ಬರೆದಿದ್ದಳು. ನಲವತ್ತೈದನೆಯ ವಯಸ್ಸಿನವರೆಗೆ ಕಲ್ಲು ಕಟೆದ ಕೈ ಅವಳದು. ಅಕ್ಷರ ಕಲಿತದ್ದು ಆಮೇಲೆ. ಕ್ವಾರಿ ಮುಚ್ಚಿದ ಮೇಲೆ ಗುಡ್ಡದ ಪೆಟ್ಟಿಗೆ ನೋಡಿಕೊಳ್ಳುವ ಕೆಲಸ ಅವಳಿಗೆ ಬಂದಿತ್ತು. ಬರೆಯುವ ಹಲಗೆಯ ಗಾಜಿನ ಮೇಲೂ ಅವಳು ಉಳಿ ಹಿಡಿದವರ ಹಾಗೆ ಒತ್ತಿ ಬರೆಯುತ್ತಿದ್ದಳು. 'ಮಾನ್ಯರೇ, ನಮ್ಮ ಊರಿನ ನಲವತ್ತೊಂದು ಮಂದಿ ಎಲ್ಲಿಗೂ ಬರುವುದಿಲ್ಲ. ಕಾರಣ, ನೂರು ಉಸಿರಿಗೆ ಈಗ ನಾವು ಕಳೆದುಕೊಳ್ಳುತ್ತಿರುವುದು' ಎಂದು ಬರೆದು, ಒಂದು ಸಂಖ್ಯೆ ಹಿಡಿಸುವಷ್ಟು ಜಾಗ ಬಿಟ್ಟು, ಕೆಳಗೆ ಸಹಿ ಹಾಕಿದ್ದಳು. ಆ ಜಾಗ ನಾಲ್ಕು ತಿಂಗಳಿಂದ ಖಾಲಿಯಿತ್ತು. ಸುಳ್ಳು ತುಂಬಲು ಅವಳಿಗೆ ಮನಸ್ಸಿರಲಿಲ್ಲ, ನಿಜ ತುಂಬಲು ಧೈರ್ಯವಿರಲಿಲ್ಲ.

ಈಗ ಕೊನೆಯ ನೋಟೀಸು ಬಂದಿತ್ತು. ಹನ್ನೊಂದನೆಯ ದಿನ ಬೆಳಿಗ್ಗೆ ವಾಹನ.

"ನನ್ನ ಅಂಗಿ ಎರಡು ಮಡಚಿ ಇಡು," ಭರಮಪ್ಪ ಹೊಸ್ತಿಲಿಗೆ ಬಂದು ಕೂತ. "ಅಲ್ಲಿ ಮಂಚದ ಪಕ್ಕ ಕಿಟಕಿ ಐತೋ ಇಲ್ಲೋ ಕೇಳು. ಕಿಟಕಿ ಇರದಿದ್ರ ನಾ ಒಲ್ಲೆ."

"ಕಿಟಕಿ ಇದ್ರೂ ನಾ ಒಲ್ಲೆ," ಎಂದು ಅವಳು ಬೋಗುಣಿಯ ನೀರನ್ನು ಬೇವಿನ ಬುಡಕ್ಕೆ ಚೆಲ್ಲಿದಳು.

ಅದೇ ಮಧ್ಯಾಹ್ನ ನಿಗಮದವರು ಕಳಿಸಿದ ಎಂಜಿನಿಯರ್ ತಬಸ್ಸುಮ್ ಮುಲ್ಲಾ ಏದುಸಿರು ಬಿಡುತ್ತ ಗುಡ್ಡ ಹತ್ತಿ ಬಂದಳು. ಇಪ್ಪತ್ತಾರರ ಹುಡುಗಿ, ಬೆನ್ನಿಗೊಂದು ಚೀಲ, ಕಾಲಿಗೆ ಗುಡ್ಡ ಕಾಣದ ಚಪ್ಪಲಿ.

"ಕುಂಡ್ರವಾ," ಪೆಟ್ಟಿಗೆಯ ಬಳಿ ಕಾಯುತ್ತಿದ್ದ ಹುಲಿಗೆವ್ವ ನೀರು ಕೊಟ್ಟಳು. "ಮೊದಲ ನಿನ್ನ ಉಸುರು ಎಣಸೋಣು, ಆಮ್ಯಾಲ ಊರಿಂದು."

ನೆತ್ತಿಯ ಮೇಲೆ ಮೂರು ಗೋಡೆಯ ಒಂದು ಕಲ್ಲಿನ ಮಾಡವಿತ್ತು. ಕ್ವಾರಿಯ ಕಾಲದಲ್ಲಿ ಕಾವಲಿನವನು ಕೂರುತ್ತಿದ್ದ ಜಾಗ. ಈಗ ಅದರೊಳಗೆ ಪೆಟ್ಟಿಗೆ, ಪರದೆ, ಎರಡು ಸ್ಟೂಲು. ಅಲ್ಲಿಂದ ಪೂರ್ವದ ಇಳಿಜಾರಿನಲ್ಲಿ ಮೂಡಲ ಓಣಿ, ಪಶ್ಚಿಮದ ಇಳಿಜಾರಿನಲ್ಲಿ ಪಡುವಣ ಓಣಿ ಎರಡೂ ಕಾಣುತ್ತಿದ್ದವು. ಓಣಿಗಳು ಮಾತ್ರ ಒಂದಕ್ಕೊಂದು ಕಾಣುತ್ತಿರಲಿಲ್ಲ. ನಡುವೆ ಗುಡ್ಡ ಬೆನ್ನು ಚಾಚಿ ಮಲಗಿತ್ತು.

ಊರಿನ ಸಂದೇಶಗಳೆಲ್ಲ ಸಾಗುವ ಗಾಳಿಯನ್ನು ಯಾರ್‍ಯಾರು ಎಷ್ಟು ಬಳಸುತ್ತಾರೆಂದು ತಬಸ್ಸುಮ್ ಪರದೆಯ ಮೇಲೆ ತೋರಿಸಿದಳು. ಅರ್ಧಕ್ಕರ್ಧ ಈರಣ್ಣನ 'ನಿಂತ ಸಿನಿಮಾ' ಮಂದಿರವೇ ನುಂಗುತ್ತಿತ್ತು. ಅಲ್ಲಿ ಚಿತ್ರ ಗೋಡೆಯ ಮೇಲೆ ಮೂಡುವುದಿಲ್ಲ. ನಾಯಕ, ನಾಯಕಿ ಜನರ ನಡುವೆಯೇ ನಿಂತು ನಡೆದಾಡುತ್ತಾರೆ.

"ಗಾಳಿ ಅಂದ್ರ ಒಂದು ಬಂಡಿ ಹಾದಿ ಅಂತ ತಿಳಕೋ ಅಕ್ಕಾ. ಬ್ಯಾಂಡ್‌ವಿಡ್ತ್ ಅಂದ್ರ ಅದರ ಅಗಲ. ಈರಣ್ಣನ ಬಂಡಿ ಒಂದ ಇಡೀ ಹಾದಿ ಹಿಡದೈತಿ. ಅದಕ್ಕೊಂದು ಮಿತಿ ಹಾಕೂಣು."

ಮಿತಿ ಹಾಕಿದರು. ಮರುದಿನವೇ ಈರಣ್ಣ ಧೋತ್ರ ಎತ್ತಿ ಕಟ್ಟಿಕೊಂಡು ಗುಡ್ಡ ಹತ್ತಿ ಬಂದ.

"ಹುಲಿಗೆವ್ವಕ್ಕ, ನನ್ನ ನಾಯಕಿಗೆ ಮೊಣಕಾಲಿನ ಕೆಳಗ ಏನೂ ಬರ್ವಲ್ಲದು! ನಿನ್ನೆ ಇಡೀ ಹಾಡು ಗಾಳ್ಯಾಗ ತೇಲಾಡಿಕೋತ ಕುಣದಾಳ. ಮಂದಿ ಎದ್ದು ಹೋದ್ರು!"

"ದೆವ್ವದ ಸಿನಿಮಾ ಅಂತ ಹೆಸರು ಬದಲು ಮಾಡು. ಇನ್ನೂ ಹೆಚ್ಚಿಗಿ ಮಂದಿ ಬರ್ತಾರ."

"ನಗು, ನಗು. ಕಾಲು ಹೋದವರ ಸಂಕಟ ನಿನಗೇನು ಗೊತ್ತು?" ಎಂದು ಅವನು ಇಳಿದುಹೋದ.

ಮೂರು ದಿನ ಕಾದರು. ಒಂಬತ್ತಿದ್ದದ್ದು ಏಳಾಯಿತು. ಅಷ್ಟೇ. ಹಾದಿ ಅರ್ಧ ಖಾಲಿ ಬಿದ್ದಿತ್ತು, ಆದರೂ ಉಸಿರುಗಳು ಕಳೆಯುತ್ತಲೇ ಇದ್ದವು. ತಬಸ್ಸುಮ್ ಪ್ರತಿಯೊಂದು ಪಟ್ಟಿಯ ದಿನಚರಿ ತೆಗೆದು ಓದಿದಳು.

"ಎಲ್ಲಾ ಪಟ್ಟಿನೂ ಭಾಳ ಸಭ್ಯಸ್ತ ಅದಾವು ಅಕ್ಕಾ. ಮಾತಾಡೂಕಿಂತ ಮೊದಲ ಕಿವಿಗೊಟ್ಟು ಕೇಳ್ಯಾವು. ಯಾರೂ ಮಾತಾಡಾಕತ್ತಿಲ್ಲ ಅಂತ ಖಾತ್ರಿ ಮಾಡ್ಕೊಂಡಾವು. ಆಮ್ಯಾಲ ಮಾತಾಡ್ಯಾವು. ಆದ್ರ ಪೆಟ್ಟಿಗಿಗೆ ಮುಟ್ಟೂದ್ರಾಗ ಮಾತು ಚೂರುಚೂರು." ಅವಳು ಕಣ್ಣು ಉಜ್ಜಿಕೊಂಡಳು. "ಯಾರದೂ ತಪ್ಪಿಲ್ಲ. ಯಾರದೂ ತಪ್ಪಿಲ್ಲದ ಜಾಗಾದಾಗ ನಾ ಏನು ತಿದ್ದಲಿ?"

ನಾಲ್ಕನೆಯ ದಿನ ಮಧ್ಯಾಹ್ನ ಹುಲಿಗೆವ್ವ ಕಳೆದ ಉಸಿರುಗಳ ಯಾದಿಯನ್ನು ಹಲಗೆಯಲ್ಲಿ ಹಾಕಿಕೊಂಡು ಮನೆಗೆ ಬಂದಳು. ಭರಮಪ್ಪ ಊಟಕ್ಕೆ ಕೂತಿದ್ದ. ಹಳೆಯ ಜೊತೆಗಾರರ ಹೆಸರು ಕೇಳಿದರೆ ಅವನಿಗೆ ಖುಷಿ. ಹೊತ್ತು ಹೋಗಲೆಂದು ಅವಳು ಓದತೊಡಗಿದಳು.

"ಎಂಟು ಗಂಟೆ ಹತ್ತು ನಿಮಿಷಕ್ಕ ಮಾರೆಪ್ಪ, ದ್ಯಾಮಣ್ಣ. ಹನ್ನೊಂದು ನಿಮಿಷಕ್ಕ ಗಿಡ್ಡ ತಿಪ್ಪಣ್ಣ, ಕೆಂಚವ್ವ. ಅದಾದ ಕೂಡಲೆ ನೀನು, ದ್ಯಾಮಣ್ಣ. ಮತ್ತ ಮಾರೆಪ್ಪ, ಕೆಂಚವ್ವ..."

ಭರಮಪ್ಪನ ತುತ್ತು ಬಾಯಿಯ ಹತ್ತಿರವೇ ನಿಂತಿತು. "ಇನ್ನೊಮ್ಮೆ ಓದು."

ಓದಿದಳು.

"ಬರೇ ಜೋಡಿ ಜೋಡಿ ಅದಾವಲ್ಲ! ಮಾರೆಪ್ಪ ಮೂಡಲ ಓಣಿಯವ, ದ್ಯಾಮಣ್ಣ ಪಡುವಣ. ತಿಪ್ಪಣ್ಣ ಮೂಡಲ, ಕೆಂಚವ್ವ ಪಡುವಣ. ಒಂದೇ ಓಣಿಯವರಿಬ್ಬರು ಎಲ್ಲೆರ ಜೋಡಿ ಆಗ್ಯಾರೇನು ನೋಡು."

ಅವಳು ಬೆರಳಿನಿಂದ ಪರದೆ ಸರಿಸಿ ಸರಿಸಿ ಹುಡುಕಿದಳು. ಸಾವಿರಾರು ಹೆಸರು. ಅಂಥ ಜೋಡಿ ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆ.

ಭರಮಪ್ಪ ನಗಲು ಹೋಗಿ ಕೆಮ್ಮಿದ. ಕೆಮ್ಮು ಇಳಿದ ಮೇಲೆ ಮತ್ತೆ ನಕ್ಕ. "ಇದಕ್ಕ ಎಂಜಿನಿಯರ್ ಬೇಕಾದಳೇನು? ನನ್ನ ಕೇಳಿದ್ರ ಆಗತಿತ್ತಲ್ಲ! ಇಪ್ಪತ್ತೆರಡು ವರ್ಷ ನಾ ಆ ನೆತ್ತಿ ಮ್ಯಾಲ ಕುಂತದ್ದು ಯಾತಕ್ಕಂತ ತಿಳದಿ?"

ಕ್ವಾರಿ ಇದ್ದಾಗ ಗುಡ್ಡದ ಎರಡೂ ಬದಿಗೆ ಬಂಡೆಯಲ್ಲಿ ಕುಳಿ ಕೊರೆದು, ಮದ್ದು ತುಂಬಿ ಕಲ್ಲು ಸಿಡಿಸುತ್ತಿದ್ದರು. ಮೂಡಲ ಬದಿಯವನು ಕಿವಿಗೊಟ್ಟರೆ ಪಡುವಣ ಬದಿ ಸುಮ್ಮನೇ ಇದ್ದಂತೆ ಕೇಳುತ್ತಿತ್ತು. ಆ ಬದಿಯವನಿಗೂ ಹಾಗೆಯೇ. ಗುಡ್ಡ ಅಡ್ಡವಿತ್ತಲ್ಲ. ಇಬ್ಬರೂ ಸುಮ್ಮನಿದೆಯೆಂದು ನಂಬಿ ಒಟ್ಟಿಗೇ ಬತ್ತಿ ಹಚ್ಚಿದರೆ ಕಲ್ಲುಚೂರು ನೆತ್ತಿ ದಾಟಿ ಇನ್ನೊಂದು ಬದಿಗೆ ಬೀಳುತ್ತಿದ್ದವು. ಅದಕ್ಕೇ ನೆತ್ತಿಯ ಮೇಲೊಬ್ಬ ಕಾವಲಿನವ. ಅವನಿಗೆ ಎರಡೂ ಬದಿ ಕಾಣುತ್ತದೆ, ಕೇಳುತ್ತದೆ. ಬತ್ತಿ ಹಚ್ಚುವವನು ಮೊದಲು ಅವನಿಗೆ ಕೂಗಬೇಕು: 'ಹೊಡೀಲೇನ್ರಪ್ಪೋ, ಮೂರು ಕುಳಿ!' ಕಾವಲಿನವ ಇನ್ನೊಂದು ಬದಿ ನೋಡಿ, ಎರಡೂ ಕಡೆಗೆ ಕೇಳುವ ಹಾಗೆ 'ಹೊಡಿ, ಮೂರು ಕುಳಿ!' ಎನ್ನುತ್ತಿದ್ದ. ಕೂಗಿದವನ ದನಿ ಕೇಳದವರಿಗೂ ಕಾವಲಿನವನ ದನಿ ಕೇಳುತ್ತಿತ್ತು. ಅವರು ತಲೆಯ ಮೇಲೆ ಕೈಯಿಟ್ಟು ಕುಕ್ಕರುಗಾಲಲ್ಲಿ ಕೂತು ಮೂರು ಸದ್ದು ಎಣಿಸಿ, ಆಮೇಲೆ ಏಳುತ್ತಿದ್ದರು.

"ಇಬ್ಬರೂ ಒಟ್ಟಿಗೇ ಕೂಗಿದ್ರ?" ಹುಲಿಗೆವ್ವ ಕೇಳಿದಳು. ಅವಳಿಗೆ ಗೊತ್ತಿದ್ದದ್ದೇ, ಆದರೆ ಈಗ ಬೇರೆ ಕಿವಿಯಿಂದ ಕೇಳುತ್ತಿದ್ದಳು.

"ಕೂಗಿಗೆ ಕೂಗು ಡಿಕ್ಕಿ ಹೊಡದ್ರ ಕೂಗಷ್ಟ ಹೋಗತೈತಿ. ತಲಿ ಹೋಗಂಗಿಲ್ಲ. ಮತ್ತೊಮ್ಮೆ ಕೂಗತಾರ." ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ದನಿ ತಗ್ಗಿತು. "ದ್ಯಾಮಣ್ಣನ ಕೈ ಹೆಂಗ ಹೋತು, ಗೊತ್ತೈತೇನು ನಿನಗ?"

"ನಿನ್ನ ತಮ್ಮ ಕೂಗದ ಬತ್ತಿ ಹಚ್ಚಿದ್ದಕ್ಕ."

"ಅವ ಹಚ್ಚಿದ್ದು ನಿಜ. ಕೂಗದಿದ್ದದ್ದೂ ನಿಜ. ಆದ್ರ ಅವ ನನ್ನ ಕಡೆ ನೋಡಿ ಒಂದು ಬೆರಳು ಎತ್ತಿ ತೋರಿಸಿದ್ದ. ಒಂದೇ ಕುಳಿ, ಸಣ್ಣದು, ಕೂಗ್ಯಾಕ ಅಂತ. ನಾನೂ ತಮ್ಮ ಅಲ್ಲೇನು, ಒಂದ ಕುಳಿ ಅಲ್ಲೇನು ಅಂತ ಕೈ ಬೀಸಿ ಬಿಟ್ಟೆ. ಪಡುವಣ ಬದಿಗೆ ಕೂಗಲಿಲ್ಲ. ದ್ಯಾಮಣ್ಣ ಆಗಷ್ಟ ಎದ್ದು ನಿಂತಿದ್ದ." ಅವನು ತಟ್ಟೆಯ ಅಂಚನ್ನು ಬೆರಳಿನಿಂದ ಗೀರಿದ. "ಆಮ್ಯಾಲ ಮಾಡದ ಗೋಡಿಗೆ ನಾನ ಉಳಿ ಹಿಡದು ಕೆತ್ತೀನಿ. ಒಂದು ಕುಳಿಗೂ ಕೂಗು. ನೀ ದಿನಾ ಅದರ ಮುಂದ ಸ್ಟೂಲು ಹಾಕ್ಕೊಂಡು ಕುಂಡ್ರತಿ."

ಮೂವತ್ತೈದು ವರ್ಷದ ಸಂಸಾರದಲ್ಲಿ ಈ ಮಾತು ಅವಳು ಕೇಳಿರಲಿಲ್ಲ. ಅವನ ತಟ್ಟೆಗೆ ಇನ್ನಷ್ಟು ಮಜ್ಜಿಗೆ ಸುರಿದು ಗುಡ್ಡ ಹತ್ತಿದಳು.

ತಬಸ್ಸುಮ್ ಕೇಳುತ್ತ ಕೇಳುತ್ತ ಸ್ಟೂಲಿನಿಂದ ಎದ್ದು ನಿಂತಳು. ಆಮೇಲೆ ಹಣೆ ಹಣೆ ಬಡಿದುಕೊಂಡಳು.

"ಡಿಕ್ಕಿ ಕಾವಲು! ಪೆಟ್ಟಿಗ್ಯಾಗ ಐತಿ ಅಕ್ಕಾ, ಮೊದಲ ದಿನದಿಂದನ ಐತಿ. ಯಾರೂ ಹಚ್ಚೇ ಇಲ್ಲ!"

ಅವಳು ಪರದೆಯ ಮೇಲೆ ತೋರಿಸಿದಳು. ದೊಡ್ಡ ಗಂಟು ಕಳಿಸುವವರು ಮೊದಲು ಒಂದು ಚಿಕ್ಕ ಕೂಗು ಹಾಕಿ ಪೆಟ್ಟಿಗೆಯನ್ನು ಕೇಳಬೇಕು, ಇಷ್ಟು ಹೊತ್ತು ಮಾತಾಡಲೇ ಎಂದು. ಪೆಟ್ಟಿಗೆ ಊರಿಗೆಲ್ಲ ಕೇಳುವ ಹಾಗೆ ಹೂಂ ಎನ್ನುತ್ತದೆ. ಉಳಿದವರು ಅಷ್ಟು ಹೊತ್ತು ಬಾಯಿ ಮುಚ್ಚುತ್ತಾರೆ. ಆದರೆ ಎಷ್ಟು ದೊಡ್ಡ ಗಂಟಿಗೆ ಕೇಳಬೇಕು ಎಂಬುದಕ್ಕೊಂದು ಅಳತೆ ಇತ್ತು. ತಯಾರಿಸಿದವರು ಆ ಅಳತೆಯನ್ನು ಎಷ್ಟು ಎತ್ತರಕ್ಕೆ ಏರಿಸಿಟ್ಟಿದ್ದರೆಂದರೆ ಯಾರೂ ಕೇಳುವ ಪ್ರಸಂಗವೇ ಬರುತ್ತಿರಲಿಲ್ಲ. ಗುಡ್ಡವಿಲ್ಲದ ಊರಿಗೆ ಅದು ಸರಿ.

"ಅದನ್ನ ಕೆಳಗ ಇಳಿಸು. ಒಂದ ಉಸುರು ಕಳಸೂದಿದ್ರೂ ಕೇಳಬೇಕು," ಹುಲಿಗೆವ್ವ ಗೋಡೆಯ ಕೆತ್ತನೆಯನ್ನು ಮುಟ್ಟಿ ಹೇಳಿದಳು.

ತಬಸ್ಸುಮ್ ತುಟಿ ಕಚ್ಚಿದಳು. "ಇಳಿಸಬಹುದು. ಆದ್ರ ಕೂಗಿಗೂ ಹೊತ್ತು ಬೇಕು. ಎಲ್ಲಾರೂ ಕೇಳಿಕೋತ ಹೊಂಟ್ರ ಗಾಳಿಯೊಳಗ ಮೂರರಾಗ ಒಂದು ಪಾಲು ಬರೇ ಕೇಳೂದ್ರಾಗ ಹೋಗತೈತಿ. ಆಗ ಈರಣ್ಣಂದು ಒಂದಲ್ಲ, ಮನಿ ಮನಿಗೂ ಮಿತಿ ಹಾಕಬೇಕು. ಊರು ಒಪ್ಪತೈತೇನು?"

ಊರು ಸೇರಿದ್ದು ಈರಣ್ಣನ ಮಂದಿರದಲ್ಲೇ, ಆರನೆಯ ದಿನ ಸಂಜೆ. ಅಷ್ಟು ಕುರ್ಚಿ ಬೇರೆ ಕಡೆ ಇರಲಿಲ್ಲ. ತಬಸ್ಸುಮ್ ವಿವರಿಸಿದಳು. ವಿವರಿಸಿದಷ್ಟೂ ಗದ್ದಲ ಹೆಚ್ಚಿತು. ಒಬ್ಬನಿಗೆ ಎಮ್ಮೆ ಎಲ್ಲಿ ಮೇಯುತ್ತಿದೆಯೆಂದು ಗಳಿಗೆಗೊಮ್ಮೆ ನೋಡಬೇಕು. ಇನ್ನೊಬ್ಬಳಿಗೆ ಹೆತ್ತು ಮಲಗಿದ ಮಗಳ ಮುಖ ದಿನವಿಡೀ ಗೋಡೆಯ ಮೇಲೆ ಇರಬೇಕು.

"ನೋಡಬಾರದು ಅಂತ ಯಾರೂ ಅನ್ನವಲ್ರು," ಹುಲಿಗೆವ್ವ ಎದ್ದಳು. "ಮಗಳ ಮಾರಿ ಆನಿ ಗಾತ್ರ ಬ್ಯಾಡ, ಮಾರಿ ಗಾತ್ರ ಇರಲಿ. ಎಮ್ಮಿ ತಾಸಿಗೊಮ್ಮೆ ಕಂಡ್ರ ಸಾಕು. ಅದೇನು ವಿಮಾನ ಹತ್ತಿ ಹೋಗತೈತೇನು?"

ನಗು ಎದ್ದಿತು, ಆದರೆ ಹಿಂದಿನ ಸಾಲಿನಿಂದ ಒಬ್ಬ ಕೇಳಿಯೇಬಿಟ್ಟ: "ಅಲ್ಲಬೇ, ಉಸುರು ಅಂದ್ರ ಎಷ್ಟೀಟು ಸಣ್ಣದು. ಸಣ್ಣದಕ್ಕೆಲ್ಲ ಕೇಳಕೋತ ಕುಂದ್ರೂದಂದ್ರ ಹುಚ್ಚಲ್ಲೇನು?"

ಭರಮಪ್ಪ ಕುರ್ಚಿಯ ಕೈ ಹಿಡಿದು ಎದ್ದ. ಮೂಗಿನ ನಳಿಕೆ ಸರಿಮಾಡಿಕೊಂಡ, ಎರಡು ಸಲ ಎದೆ ತುಂಬಿಕೊಂಡ, ಎರಡೂ ಅಂಗೈಯನ್ನು ಬಾಯಿಗೆ ಒಡ್ಡಿಕೊಂಡ.

"ಹೊಡೀಲೇನ್ರಪ್ಪೋ... ಒಂದೇ ಕುಳೀ...!"

ಕೂಗು ಸೂರು ಮುಟ್ಟುವ ಮೊದಲೇ ಸಾಲುಸಾಲಿನ ಮುದುಕರು, ಮುದುಕಿಯರು ಕುರ್ಚಿಯಿಂದ ಜಾರಿ ಕುಕ್ಕರಿಸಿದ್ದರು. ತಲೆಯ ಮೇಲೆ ಕೈ, ಗದ್ದ ಎದೆಗೆ. ಎಂಬತ್ತರ ಕೆಂಚವ್ವ, ಗಿಡ್ಡ ತಿಪ್ಪಣ್ಣ, ಎಲ್ಲರೂ. ಹದಿನಾಲ್ಕು ವರ್ಷದಿಂದ ಒಂದು ಕುಳಿಯೂ ಸಿಡಿಯದ ಊರಿನಲ್ಲಿ ಅವರ ಮೊಣಕಾಲುಗಳು ಇನ್ನೂ ಮರೆತಿರಲಿಲ್ಲ. ಹುಡುಗರು ಕಿಸಕ್ಕನೆ ನಕ್ಕು, ಆಮೇಲೆ ತಮ್ಮ ಅಜ್ಜ ಅಜ್ಜಿಯರ ಬಾಗಿದ ಕುತ್ತಿಗೆ ನೋಡಿ ಸುಮ್ಮನಾದರು.

ಪಡುವಣ ಸಾಲಿನಲ್ಲಿ ದ್ಯಾಮಣ್ಣ ಇದ್ದೊಂದು ಕೈಯನ್ನು ತಲೆಯ ಮೇಲಿಟ್ಟು ಕೂತಿದ್ದ. ಅವನು ಮುಖ ಎತ್ತಿ ಭರಮಪ್ಪನನ್ನು ನೋಡಿದ. ಬಹಳ ಹೊತ್ತು ನೋಡಿದ.

"ಹೊಡಿ," ಎಂದ. ಆಮೇಲೆ ಇನ್ನೂ ಗಟ್ಟಿಯಾಗಿ, ಕಾವಲಿನವನ ರಾಗದಲ್ಲಿ, "ಹೊಡಿ, ಒಂದು ಕುಳಿ!"

ಈರಣ್ಣ ಎದ್ದು ಧೋತ್ರ ಕೊಡವಿದ. "ಸಾಕ್ರಪ್ಪ, ಏಳ್ರಿ, ಮೊಣಕಾಲು ಹಿಡಕೊಂಡಾವು. ಇವತ್ತಿನಿಂದ ನನ್ನ ನಾಯಕಿ ಗ್ವಾಡಿ ಮ್ಯಾಲ ಚಪ್ಪಟಿಯಾಗೇ ಕುಣೀಲಿ. ಕಾಲಾದ್ರೂ ಬರ್ತಾವು!"

ಅಲ್ಲಿಗೆ ತೀರ್ಮಾನವಾಯಿತು.

ಮರುದಿನ ಬೆಳಿಗ್ಗೆ ಆರಕ್ಕೆ ಅಳತೆಯನ್ನು ಇಳಿಸಿದರು. ಹುಲಿಗೆವ್ವ ಪರದೆಯ ಮುಂದೆ ಕೂತು ಒಂದೊಂದೇ ಹೆಸರಿನ ಮುಂದೆ 'ಕೇಳಿ ಹೋಗು' ಎಂಬ ಗುರುತು ಒತ್ತಿದಳು. ಸರದಿಯಲ್ಲಿ ಎಲ್ಲಕ್ಕಿಂತ ಮುಂದೆ ಉಸಿರು, ಆಮೇಲೆ ಆಸ್ಪತ್ರೆಯ ಕರೆ, ಆಮೇಲೆ ಶಾಲೆ, ಹೀಗೆ ಮನೆಗಳ ಮಾತುಕತೆ, ಸಿನಿಮಾ, ಎಲ್ಲರ ಹಿಂದೆ ಪತ್ರಗಳು. ಪತ್ರಕ್ಕೇನು ಅವಸರ, ಎಂದುಕೊಂಡಳು. ಗುರುತು ಬಿದ್ದ ಪಟ್ಟಿಗಳೆಲ್ಲ ಪ್ರತಿ ಉಸಿರಿಗೂ ಮುಂಚೆ ಸಣ್ಣಗೆ 'ಟಿಕ್' ಎನ್ನತೊಡಗಿದವು. ಕಟ್ಟೆಯ ಮೇಲೆ ಕೂತವರಿಗೆ ತಮ್ಮ ಎದೆಯೊಳಗೆ ಯಾರೋ ಉಳಿ ಹಿಡಿದು ಕಲ್ಲು ಕಟೆದಂತೆ ಕೇಳಿ ನಗು ಬಂತು.

ಇಪ್ಪತ್ನಾಲ್ಕು ತಾಸಿನ ಲೆಕ್ಕ ಬಂತು: ಎರಡೂ ಮುಕ್ಕಾಲು.

ತಬಸ್ಸುಮ್ ಮುಖ ಸಣ್ಣದು ಮಾಡಿಕೊಂಡಳು. "ಏಳರಿಂದ ಇಳೀತು, ಖರೆ. ಆದ್ರ ಒಂದರ ಕೆಳಗ ಬರಬೇಕಾಗಿತ್ತು. ಎಲ್ಲೋ ಒಂದು ಪಟ್ಟಿ ಕೇಳದ ಮಾತಾಡಾಕತ್ತೈತಿ. ಒಂದ ಇದ್ರೂ ಸಾಕು, ಆ ಬದಿಯ ಯಾರ ಉಸುರಿಗೆ ಬೇಕಾದ್ರೂ ಅಡ್ಡ ಬರತೈತಿ." ಉಳಿದದ್ದು ಮೂರೇ ದಿನ. ಬೇಕಾದದ್ದೂ ಮೂರೇ ದಿನ.

ಹುಲಿಗೆವ್ವ ಪರದೆಯಿಂದ ಕಣ್ಣು ತಿರುಗಿಸಿ ಎದ್ದಳು. ಮನೆಗೆ ನೀರು ಹಿಡಿದು ಬರುತ್ತೇನೆಂದು ಇಳಿದಳು. ಭರಮಪ್ಪ ಕಟ್ಟೆಯಿಂದ ಆಗ ತಾನೇ ಬಂದು ಹೊಸ್ತಿಲ ಮೇಲೆ ಕೂತಿದ್ದ.

"ಎಲ್ಲಾರ ಪಟ್ಟಿ ಟಿಕ್ ಟಿಕ್ ಅಂತಾವು," ಎಂದ. "ನಂದ್ಯಾಕ ಮೂಕಬಸವಣ್ಣ ಆಗೈತಿ?"

ಅವಳು ಕೊಡವನ್ನು ಇಳಿಸಿದಳು. ಬೆನ್ನು ತಿರುಗಿಸಿಯೇ ನಿಂತಳು.

"ನಿನ್ನ ಹೆಸರಿನ ಮುಂದ ಒತ್ತಲಿಲ್ಲ."

"ಮರತಿ?"

"ಮರೀಲಿಲ್ಲ. ನಿನ್ನ ಎದಿ ಎಲ್ಲಾರಕಿಂತ ಕೆಟ್ಟೈತಿ. ನೀ ಉಸುರಾಡಾಕ ಮತ್ತೊಬ್ಬರ ಅಪ್ಪಣಿ ಕೇಳಿಕೋತ ಕುಂದ್ರೂದು... ಒಂದು ಗಳಿಗಿ ತಡ ಆದ್ರ?" ಅವಳು ಬಗ್ಗಿ ಕೊಡದ ಕಂಠ ಹಿಡಿದುಕೊಂಡಳು. "ನಲವತ್ತು ಮಂದಿ ಕೇಳಲಿ, ಒಬ್ಬ ಕೇಳದಿದ್ರ ಏನಾತು ಅಂತ ಬಿಟ್ಟೆ."

ಗಂಡನ ಕತೆ ಅವಳ ತಲೆಗೆ ಹೋಗಿತ್ತು. ಕೈಗೆ ಇಳಿದಿರಲಿಲ್ಲ.

ಭರಮಪ್ಪ ಬೈಯಲಿಲ್ಲ. ಅವಳ ಸೆರಗಿನ ತುದಿ ಹಿಡಿದು ಹತ್ತಿರ ಕೂರಿಸಿಕೊಂಡ. "ನಾನೂ ಹಿಂಗ ಕೈ ಬೀಸಿದ್ದೆ," ಎಂದ. "ಪ್ರೀತಿಲಿಂದನ ಬೀಸಿದ್ದೆ. ಹೋಗು, ನಂದೂ ಒತ್ತಿ ಬಾ. ದ್ಯಾಮಣ್ಣನ ಒಂದ ಸಲ ಕೆಡವೇನಿ. ಎರಡನೇ ಸಲ ಬ್ಯಾಡ."

ಅವಳು ಕೊಡವನ್ನು ಅಲ್ಲೇ ಬಿಟ್ಟು ಗುಡ್ಡ ಹತ್ತಿದಳು. ತಬಸ್ಸುಮ್‌ಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಹುಡುಗಿ ಒಂದು ಕ್ಷಣ ಅವಳನ್ನೇ ನೋಡಿ, ಸ್ಟೂಲು ಬಿಟ್ಟುಕೊಟ್ಟಳು. "ನೀನ ಒತ್ತು ಅಕ್ಕಾ. ತಡ ಆಗೂದು ಕಣ್ಣು ಮಿಟುಕಿಸೂದರಾಗ ನೂರರ ಒಂದು ಪಾಲು. ಬೇಕಾದ್ರ ಕೈ ಹಿಡಕೋತೀನಿ."

ಹುಲಿಗೆವ್ವ ಬೆರಳು ಒತ್ತಿ, ಕಣ್ಣು ಮುಚ್ಚಿ, ಕೆಳಗಿನ ತನ್ನ ಮನೆಯ ಕಡೆ ಕಿವಿಗೊಟ್ಟಳು. ಅಷ್ಟು ದೂರದ ಟಿಕ್ ಯಾರಿಗೆ ಕೇಳೀತು! ಆದರೆ ಪರದೆಯ ಮೇಲೆ ಭರಮಪ್ಪನ ಹೆಸರಿನ ಪಕ್ಕದ ಹಸಿರು ಚುಕ್ಕೆ ಏಳುತ್ತ ಬೀಳುತ್ತ, ಏಳುತ್ತ ಬೀಳುತ್ತ, ಒಂದೂ ತಪ್ಪದೆ ನಡೆಯಿತು. ನೂರು ಎಣಿಸುವವರೆಗೆ ಅವಳು ಅಲುಗಲಿಲ್ಲ. ಇನ್ನೂರು ಎಣಿಸಿದ ಮೇಲೆ ಹುಡುಗಿಯ ಕೈ ಬಿಟ್ಟಳು.

ಮೊದಲ ದಿನದ ಲೆಕ್ಕ, ನೂರಕ್ಕೆ ಅರ್ಧಕ್ಕಿಂತ ಕಡಿಮೆ. ಎರಡನೆಯ ದಿನ ಇನ್ನೂ ಕಡಿಮೆ. ಪಡುವಣ ಓಣಿಯಲ್ಲಿ ದ್ಯಾಮಣ್ಣನ ಪಟ್ಟಿ ಒಂದು ಇಡೀ ದಿನ ಒಮ್ಮೆಯೂ ಕೂಗಿಕೊಳ್ಳಲಿಲ್ಲವೆಂದು ಅವನ ಸೊಸೆ ಹೆಸರುಬೇಳೆ ಪಾಯಸ ಮಾಡಿ, ಗುಡ್ಡ ದಾಟಿಸಿ ಭರಮಪ್ಪನ ಮನೆಗೆ ಕಳಿಸಿದಳು. ಇಪ್ಪತ್ತು ವರ್ಷದಲ್ಲಿ ಆ ಮನೆಯಿಂದ ಈ ಮನೆಗೆ ಬಂದ ಮೊದಲ ಪಾತ್ರೆ ಅದು. ಮಂದಿರದಲ್ಲಿ ಚಪ್ಪಟೆ ನಾಯಕಿ ಎರಡು ಕಾಲಿನಲ್ಲಿ ಕುಣಿದಳು; ಜನ ಸಿಳ್ಳೆ ಹೊಡೆದರು.

ಹನ್ನೊಂದನೆಯ ದಿನ ಬೆಳಿಗ್ಗೆ ಆರಕ್ಕೆ ಮೂರನೆಯ ಲೆಕ್ಕ ಬರುವ ಹೊತ್ತಿಗೆ ನಿಗಮದ ಉದ್ದ ಬಿಳಿ ವಾಹನ ಊರ ಬಾಗಿಲಲ್ಲಿ ನಿಂತಿತ್ತು. ಅಧಿಕಾರಿ ಕೈಯಲ್ಲಿ ಹೆಸರಿನ ಯಾದಿ ಹಿಡಿದು ಇಳಿದಿದ್ದ. ಬರವಣಿಗೆಯ ಉತ್ತರ ಬರದ ಹೊರತು ಆಜ್ಞೆ ಆಜ್ಞೆಯೇ, ಎನ್ನುತ್ತಿದ್ದ. ಕಟ್ಟೆಯ ಮೇಲೆ ಮೂಡಲ ಓಣಿಯ ಮುದುಕರು ಟಿಕ್ ಟಿಕ್ ಎನ್ನುತ್ತ ಚೌಕಾಬಾರದ ಕವಡೆ ಎಸೆಯುತ್ತಿದ್ದರು. ಒಬ್ಬರೂ ಏಳಲಿಲ್ಲ.

ನೆತ್ತಿಯ ಮೇಲೆ ತಬಸ್ಸುಮ್ ಪರದೆ ತಿರುಗಿಸಿದಳು. "ಐನೂರಕ್ಕ ಒಂದು ಅಕ್ಕಾ! ನೂರಕ್ಕಲ್ಲ, ಐನೂರಕ್ಕ!"

ಹುಲಿಗೆವ್ವ ಹಲಗೆ ತೆಗೆದಳು. ನಾಲ್ಕು ತಿಂಗಳ ಖಾಲಿ ಜಾಗ ಅವಳನ್ನು ನೋಡುತ್ತಿತ್ತು. ಒತ್ತಿ ಬರೆದಳು: 'ಒಂದೂ ಇಲ್ಲ. ಐನೂರು ಉಸಿರಿಗೆ ಒಂದು.' ಒಮ್ಮೆ ಓದಿ, ಕಳಿಸುವ ಗುಂಡಿ ಒತ್ತಿದಳು.

ಹಲಗೆಯ ಮೇಲೆ ಮೂಡಿತು: ಕಾಯುತ್ತಿದೆ.

ತಬಸ್ಸುಮ್ ನಕ್ಕುಬಿಟ್ಟಳು. "ಎಲ್ಲಾರ ಹಿಂದ ಪತ್ರ ಅಂತ ನೀನ ಹಾಕೀಯಲ್ಲ! ಬೆಳಗಿನ ಹೊತ್ತು, ಎಲ್ಲಾರೂ ಎದ್ದು ಮಾತಾಡಾಕತ್ತಾರ. ಇದೊಂದನ್ನ ಮುಂದ ತಳ್ಳಲೇನು? ಒಂದ ಗುಂಡಿ."

"ಬ್ಯಾಡ," ಎಂದಳು ಹುಲಿಗೆವ್ವ. "ನಾಲ್ಕು ತಿಂಗಳು ಕಾದೈತಿ. ಉಸುರು ಮೊದಲ ಹೋಗಲಿ."

ಕೆಳಗೆ ಅಧಿಕಾರಿ ಮೊದಲ ಹೆಸರು ಕೂಗಿದ. ಭರಮಪ್ಪನ ಹೆಸರೇ. ಭರಮಪ್ಪ ಕವಡೆ ಕುಲುಕುತ್ತ, ಇದೊಂದು ಆಟ ಮುಗಿಯಲಿ ಎಂಬಂತೆ ಕೈ ಮಾಡಿದ.

ಹುಲಿಗೆವ್ವ ಹಲಗೆಯನ್ನು ಎದೆಗವಚಿಕೊಂಡು ಮಾಡದಿಂದ ಹೊರಗೆ ಬಂದು ಕಾವಲಿನ ಕಲ್ಲು ಹತ್ತಿ ನಿಂತಳು. ಒಂದು ಕಡೆ ಮೂಡಲ ಓಣಿ, ಒಂದು ಕಡೆ ಪಡುವಣ ಓಣಿ. ಅವಳು ಅಂಗೈಯನ್ನು ಬಾಯಿಗೊಡ್ಡಿದಳು.

"ಹೊಡೀಲೇನ್ರಪ್ಪೋ... ಒಂದೇ ಕುಳೀ...!"

ಕೂಗು ಎರಡೂ ಇಳಿಜಾರು ಇಳಿಯಿತು. ಆಮೇಲೆ ಕಟ್ಟೆಯ ಮೇಲಿಂದ ಮುದುಕರು, ಬಾಗಿಲುಗಳಿಂದ ಸೊಸೆಯರು, ಗುಡ್ಡದ ಆಚೆಯಿಂದ ಒಂಟಿ ಕೈ ಎತ್ತಿದ ದ್ಯಾಮಣ್ಣ, ಮಂದಿರದ ಮೆಟ್ಟಿಲಿನಿಂದ ಈರಣ್ಣ, ಒಬ್ಬರಿಗೊಬ್ಬರು ಕಾಣದ ಎರಡು ಓಣಿಯವರೂ ಒಂದೇ ದನಿಯಲ್ಲಿ ಕೂಗಿದರು: "ಹೊಡಿ!" ಅಧಿಕಾರಿ ಬೆಚ್ಚಿ, ಯಾದಿಯನ್ನು ತಲೆಯ ಮೇಲೆ ಹಿಡಿದು, ಏಕೆಂದು ತಿಳಿಯದೆಯೇ ಕುಕ್ಕರಿಸಿದ.

ಪೆಟ್ಟಿಗೆಗೆ ಮನುಷ್ಯರ ಕೂಗು ಕೇಳುವುದಿಲ್ಲ. ನಲವತ್ತೊಂದು ಎದೆಗಳ ಉಸಿರು ಮತ್ತು ಉಸಿರಿನ ನಡುವೆ ಅದಕ್ಕೊಂದು ಸಣ್ಣ ಸಂದು ಸಿಕ್ಕಿತು, ಅಷ್ಟೇ. ಹುಲಿಗೆವ್ವನ ಎದೆಗವಚಿದ್ದ ಹಲಗೆ 'ಟಿಕ್' ಎಂದಿತು.

ಪತ್ರ ಹೋಯಿತು.